ನೂಲಕೊಪ್ಪದ ಕೈಗಳು

ನೂಲಕೊಪ್ಪದಲ್ಲಿ ಸಾವಿರದ ನೂರಾ ನಲವತ್ತು ಜನರ ಕೈಗಳು ಒಂದೇ ಕಣಜವನ್ನು ನಂಬಿಕೊಂಡಿದ್ದವು. ಕಣಜವೆಂದರೆ ಜೋಳ ತುಂಬುವ ಕಣಜವಲ್ಲ. ನೇಕಾರರ ಸಂಘದ ಕಟ್ಟಡದ ಹಿಂದಿನ ಕೋಣೆಯಲ್ಲಿ, ತಂಪು ಗಾಳಿಯ ಯಂತ್ರದ ಕೆಳಗೆ ಕೂತಿದ್ದ ಎರಡು ಕರಿಯ ಪೆಟ್ಟಿಗೆಗಳು. ಕಾಗದಪತ್ರದಲ್ಲಿ ಅವಕ್ಕೊಂದು ಉದ್ದನೆಯ ಹೆಸರಿತ್ತು. ಊರವರ ನಾಲಿಗೆಗೆ ಅದು ಹೊರಳಲಿಲ್ಲ. ಕಣಜ ಎಂದರು, ಅದೇ ನಿಂತಿತು.

ಹನ್ನೆರಡು ವರ್ಷದ ಹಿಂದೆ ಊರಾಚೆಯ ಬಣ್ಣದ ಕಾರ್ಖಾನೆಯೊಂದು ಹಳ್ಳಕ್ಕೆ ಏನನ್ನೋ ಬಿಟ್ಟಿತು. ಏನೆಂದು ಇವತ್ತಿಗೂ ಯಾರೂ ಸರಿಯಾಗಿ ಹೇಳಿಲ್ಲ. ಆ ನೀರು ಕುಡಿದವರಿಗೆ ಒಂದು ಬೇಸಿಗೆ ಕಳೆಯುವುದರೊಳಗೆ ಮೊಣಕೈ ಕೆಳಗಿನ ನರಗಳು ಸತ್ತವು. ನಲವತ್ತು ಮಂದಿಗೆ ಗಂಟಲಿನ ನರವೂ ಹೋಗಿ ಮಾತು ನಿಂತಿತು. ಕಾರ್ಖಾನೆಯವರು ಬೀಗ ಹಾಕಿಕೊಂಡು ಹೋದರು. ಮಗ್ಗಗಳು ಅರ್ಧ ನೇಯ್ದ ಸೀರೆ ಹೊತ್ತು ಇದ್ದಲ್ಲೇ ನಿಂತವು. ಮೂರು ವರ್ಷದ ಮೇಲೆ ಊರಿಗೆ ಕೈಪಟ್ಟಿ ಬಂತು.

ಕೈಪಟ್ಟಿ ಮೊಣಕೈಗೆ ಕಟ್ಟುವ ಎರಡು ಬೆರಳಗಲದ ಪಟ್ಟಿ. ಅದರಿಂದ ಎರಡು ಸಣ್ಣ ತಂತಿಗಳು ಚರ್ಮದಡಿ ಹೋಗುತ್ತವೆ. ಮೇಲೆ ಬದುಕಿರುವ ನರ ಏನು ಬಯಸುತ್ತಿದೆ ಎಂದು ಕೇಳಿಸಿಕೊಂಡು ಕೆಳಗಿನ ಸ್ನಾಯುಗಳಿಗೆ ಅಪ್ಪಣೆ ಕೊಡುವುದು ಅವುಗಳ ಕೆಲಸ. ಆದರೆ ಬೆರಳಿನ ಹದ ಸಣ್ಣ ಸಂಗತಿಯಲ್ಲ. ಹರಿದ ಎಳೆಗೆ ಗಂಟು ಹಾಕುವಾಗ ಹೆಬ್ಬೆರಳು ಎಷ್ಟು ಒತ್ತಬೇಕು, ರೊಟ್ಟಿ ತಟ್ಟುವಾಗ ಅಂಗೈ ಎಷ್ಟು ಹಗುರ ಬೀಳಬೇಕು, ಇದನ್ನೆಲ್ಲ ಬರೆದಿಡಲು ಪಟ್ಟಿಯೊಳಗೆ ಜಾಗವಿರಲಿಲ್ಲ. ಆ ಬರಹವೆಲ್ಲ ಕಣಜದಲ್ಲಿತ್ತು. ಪ್ರತಿ ಪಟ್ಟಿಯಲ್ಲೂ ಒಂದು ಪುಟ್ಟ ಗಣಕ, ಆ ಗಣಕದ ಹೊಟ್ಟೆಯಲ್ಲಿ ಕರ್ನಲ್ ಎಂಬ ತಿರುಳು. ಕಣಜ ಬೇರೆ ಕಟ್ಟಡದಲ್ಲಿದೆ ಎಂಬುದು ಕರ್ನಲ್ಲಿಗೆ ಗೊತ್ತಿರುವುದಿಲ್ಲ. ತನ್ನ ಮನೆಯ ಕಪಾಟೇ ಎಂದುಕೊಂಡು ಬಾಗಿಲು ತೆಗೆಯುತ್ತದೆ, ಬೇಕಾದ್ದು ಓದಿಕೊಳ್ಳುತ್ತದೆ, ಹೊಸದಾಗಿ ಕಲಿತದ್ದನ್ನು ದಿನಕ್ಕೊಮ್ಮೆ ಅಲ್ಲೇ ಬರೆದಿಡುತ್ತದೆ. ಈ ಭ್ರಮೆಯ ಮೇಲೆಯೇ ಒಂಬತ್ತು ವರ್ಷ ಊರು ನಡೆದಿತ್ತು.

ಒಬ್ಬರ ಕೈ ಕಲಿತದ್ದು ಮರುದಿನ ಎಲ್ಲರ ಕೈಗೂ ಬರುತ್ತಿತ್ತು. ಸೀರೆಯ ಮೈಗೂ ಸೆರಗಿಗೂ ಕೊಂಡಿ ಹಾಕುವ ಕೆಲಸದಲ್ಲಿ ಊರಿಗೇ ಚೂಟಿಯಾಗಿದ್ದ ಒಬ್ಬ ಮುದುಕಿಯ ಬೆರಳು ಈಗ ಸಾವಿರ ಬೆರಳಾಗಿತ್ತು. ಜೊತೆಗೆ ಎಲ್ಲರ ಮನೆಯ ರೊಟ್ಟಿಯೂ ಒಂದೇ ಅಳತೆಗೆ ಬಂತು. ಎಲ್ಲರ ಸಹಿ ಒಂದೇ ಥರ ಕಾಣತೊಡಗಿ ಬ್ಯಾಂಕಿನವರು ತಲೆ ಕೆಡಿಸಿಕೊಂಡು, ಕೊನೆಗೆ ಓದು ಬಲ್ಲವರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಳ್ಳತೊಡಗಿದರು. ಸಂಘದ ನಿಯಮ ಒಂದೇ: ಕಣಜದಿಂದ ತಗೊಂಡವರು ಕಣಜಕ್ಕೆ ಕೊಡಬೇಕು.

ಈ ಕಣಜ ಕಾಯುವವಳು ಮಹಾನಂದಾ. ನೀರು ಕೆಟ್ಟ ವರ್ಷ ಅವಳು ಜಿಲ್ಲೆಯ ಊರಿನ ಕಾಲೇಜಿನಲ್ಲಿ ಗಣಕಯಂತ್ರ ಕಲಿಸುತ್ತ ಅಲ್ಲೇ ಕೋಣೆ ಮಾಡಿಕೊಂಡಿದ್ದಳು. ಹಾಗಾಗಿ ಅವಳ ಕೈಗೆ ಏನೂ ಆಗಲಿಲ್ಲ. ಅವಳ ಗಂಡ ಗುರುಸಂಗಪ್ಪ ಊರಲ್ಲಿದ್ದ, ಕೈಯನ್ನೂ ಮಾತನ್ನೂ ಕಳೆದುಕೊಂಡ. ತನ್ನದೇನೂ ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು, ಆದರೂ ಒಂಬತ್ತು ವರ್ಷದಲ್ಲಿ ಅವಳು ಸರಿಯಾಗಿ ಒಂದು ರಜೆ ತೆಗೆದುಕೊಂಡಿರಲಿಲ್ಲ. ಕಣಜದ ಪಕ್ಕದಲ್ಲೇ ಇದ್ದ, ಊರ ಪಟ್ಟಿಗಳನ್ನೆಲ್ಲ ನೋಡಿಕೊಳ್ಳುವ ಹಸ್ತಕೇಂದ್ರದ ಪರದೆಗಳ ಮುಂದೆ ಕೂತು ಕೂತು ಅವಳ ಸೊಂಟ ಹೋಗಿತ್ತು, ಕಣ್ಣ ಕೆಳಗೆ ಕಪ್ಪು ಹಿಡಿದಿತ್ತು. ಐವತ್ತಕ್ಕೆ ಇನ್ನೂ ಒಂದು ವರ್ಷವಿತ್ತು. ನೋಡಿದವರು ಅರವತ್ತು ಎನ್ನುತ್ತಿದ್ದರು.

ಗುರುಸಂಗಪ್ಪ ಮೊದಲು ಬಾಯಿಬಡುಕ. ಮಗ್ಗದಲ್ಲಿ ಲಾಳಿ ಎಷ್ಟು ಓಡುತ್ತಿತ್ತೋ ಅವನ ಬಾಯಿಯೂ ಅಷ್ಟೇ ಓಡುತ್ತಿತ್ತು. ಮಾತು ಹೋದ ಮೇಲೆ ಕೈಪಟ್ಟಿ ಕಟ್ಟಿಕೊಂಡು ಕಾಗದದ ಮೇಲೆ ಬರೆದು ತೋರಿಸುತ್ತಿದ್ದ. ಆದರೆ ತನ್ನ ಅಕ್ಷರ ತನ್ನದಲ್ಲ, ಊರಿನದು ಎಂದು ಗೊತ್ತಾದಾಗ ಅವನಿಗೆ ಬರೆಯುವುದೇ ಬೇಸರವಾಯಿತು. ಒಂದು ಸಂಜೆ ಕಾಗದ ಆಚೆ ತಳ್ಳಿ, ಮಹಾನಂದಾಳ ಅಂಗೈ ಎಳೆದುಕೊಂಡು ಅದರ ಮೇಲೆ ಬೆರಳಾಡಿಸಿದ. ಅಲ್ಲಿಂದ ಶುರುವಾದದ್ದು, ವರ್ಷ ತುಂಬುವುದರೊಳಗೆ ಪೂರ್ತಿ ಮಾತೇ ಆಯಿತು. ಕಿರುಬೆರಳು ಒತ್ತಿದರೆ ನೀರು, ಎರಡು ಬೆರಳು ಅಡ್ಡ ಎಳೆದರೆ ಸಾಕು, ಉಗುರಿನ ಹಿಂಬದಿ ಸವರಿದರೆ ಸಿಟ್ಟು ಬಿಡು. ಸಂಘದ ಅಧ್ಯಕ್ಷರು ಹೊಟ್ಟೆ ಮುಂದೆ ಮಾಡಿಕೊಂಡು ನಡೆಯುವ ನಡಿಗೆಯನ್ನು ಎರಡು ಬೆರಳಲ್ಲಿ ಅವಳ ಅಂಗೈ ಮೇಲೆ ನಡೆದು ತೋರಿಸುತ್ತಿದ್ದ. ಅವಳು ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಹೊಸ ಗುರುತು ಹುಟ್ಟಿದ ದಿನ ಇಬ್ಬರಿಗೂ ಹಬ್ಬ.

ಒಂದು ದಿನ ಸಂತೆಯಲ್ಲಿ ಸೊಪ್ಪು ಮಾರುವವನೊಬ್ಬ ಕೊತ್ತಂಬರಿ ಸಿವುಡನ್ನು ಅವಳ ಕೈಗಿಡುವಾಗ ಹೆಬ್ಬೆರಳಿನಿಂದ ಅವಳ ಅಂಗೈ ನಡುವೆ ಒಂದು ಸಣ್ಣ ಸುಳಿ ಬರೆದ. ಅದು ಗುರುಸಂಗಪ್ಪ ಮಲಗುವ ಮುಂಚೆ ಬರೆಯುವ ಸುಳಿ. ಏನಾಯಿತೆಂದು ಆ ಮನುಷ್ಯನಿಗೇ ತಿಳಿಯಲಿಲ್ಲ. ಗಾಬರಿಯಾಗಿ ಕೈ ಹಿಂದೆ ತೆಗೆದುಕೊಂಡ. ಅವನ ಬೆರಳು ಕಣಜದಿಂದ ಕಲಿತಿತ್ತು, ಅಷ್ಟೇ. ಮಹಾನಂದಾ ಕೊತ್ತಂಬರಿ ಅಲ್ಲೇ ಬಿಟ್ಟು ಮನೆಗೆ ಬಂದು ಕೈ ತೊಳೆದುಕೊಂಡಳು. ವಿಷಯ ಕೇಳಿ ಗುರುಸಂಗಪ್ಪನ ಮುಖ ಕಪ್ಪಿಟ್ಟಿತು. ಬಹಳ ದಿನದ ಮೇಲೆ ಅವನು ಕಾಗದ ಎಳೆದುಕೊಂಡು ಬರೆದ, ನಮ್ಮದು ನಮ್ಮಲ್ಲೇ ಇರಲಿ ಎಂದು.

ಮರುದಿನ ಅವಳು ಕಣಜದೊಳಗಿದ್ದ ಅವನ ಗುರುತುಗಳನ್ನೆಲ್ಲ ಹುಡುಕಿ ಅಳಿಸಿದಳು. ಅವನ ಪಟ್ಟಿಯ ಬಾಗಿಲನ್ನು ಒಮ್ಮುಖ ಮಾಡಿದಳು. ಇನ್ನು ಅದು ಕಣಜದಿಂದ ಓದುತ್ತದೆ, ಕಣಜಕ್ಕೆ ಬರೆಯುವುದಿಲ್ಲ. ಅಂಗೈ ಮಾತಿನ ಗುರುತುಗಳು ಚಿಕ್ಕವು, ಪಟ್ಟಿಯ ಸಣ್ಣ ನೆನಪಿನಲ್ಲೇ ಹಿಡಿದವು. ಆದರೆ ಆ ನೆನಪು ಪಟ್ಟಿ ಉರಿಯುತ್ತಿರುವವರೆಗೆ ಮಾತ್ರ, ಆರಿಸಿದರೆ ಹೋಯಿತು. ಬೇರೆ ಒಂದು ಪೆಟ್ಟಿಗೆ ತಂದು ಅವನದನ್ನು ಅದರಲ್ಲಿ ಜೋಪಾನ ಮಾಡಬೇಕು ಎಂದು ಅವಳು ಅಂದುಕೊಂಡಳು. ಐದು ವರ್ಷ ಅಂದುಕೊಂಡೇ ಇದ್ದಳು. ಪ್ರತಿ ಸಲ ಯಾರದೋ ಕೈ ನಡುಗುತ್ತಿತ್ತು, ಯಾರದೋ ಪಟ್ಟಿ ಬಿಸಿಯಾಗುತ್ತಿತ್ತು, ಮನೆಯ ಕೆಲಸ ಹಿಂದೆ ಬೀಳುತ್ತಿತ್ತು. ಊರಿನ ನಿಯಮ ಮುರಿದವಳು ತಾನೇ ಎಂಬ ಅಳುಕೂ ಒಂದಿತ್ತು.

ನೂಲಕೊಪ್ಪದಲ್ಲಿ ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಅವತ್ತು ಲಾಳಿ ಮುಟ್ಟುವುದಿಲ್ಲ. ಹಾಸಿನ ಎಳೆ ಸಡಿಲಿಸಿ, ಮಗ್ಗ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ಕಣಜ ಬಂದ ಮೇಲೆ ಅದಕ್ಕೂ ಪೂಜೆ ಸೇರಿಕೊಂಡಿತು. ಹೊರಗಿನ ತಗಡಿಗೆ ಕುಂಕುಮ ಇಡಲು ಮಹಾನಂದಾ ಒಪ್ಪಿದ್ದಳು, ಊದುಬತ್ತಿ ಬಾಗಿಲ ಹೊರಗೆ ಎಂದು ಕರಾರು ಮಾಡಿದ್ದಳು. ಯಂತ್ರ ಓಡುತ್ತಲೇ ಇರುತ್ತಿತ್ತು, ಪೂಜೆ ಆಗುತ್ತಲೇ ಇರುತ್ತಿತ್ತು. ಆ ಅಮಾವಾಸ್ಯೆಗೆ ಪೂಜೆಯ ಸರದಿ ಸಾಂಬಣ್ಣನದು. ಎಪ್ಪತ್ತು ದಾಟಿದ ಹಳೆಯ ನೇಕಾರ, ಮೈಲಿಗೆ ಮಡಿಯಲ್ಲಿ ಕಟ್ಟುನಿಟ್ಟು.

ಬೆಳಿಗ್ಗೆ ಒಂಬತ್ತು ಗಂಟೆ. ಮಹಾನಂದಾ ಅಪರೂಪಕ್ಕೆ ಮನೆಯಲ್ಲಿದ್ದಳು, ಕಟ್ಟೆಯ ಮೇಲೆ ಗಂಡನ ಪಕ್ಕ ಕೂತು ಚಹಾ ಕುಡಿಯುತ್ತಿದ್ದಳು. ಅವನು ಅವಳ ಎಡ ಅಂಗೈ ತೆಗೆದುಕೊಂಡು ಏನೋ ಚೇಷ್ಟೆ ಶುರು ಮಾಡಿದ್ದ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದಾನೆ ಎಂಬಂಥದ್ದು. ಅರ್ಧಕ್ಕೆ ಬೆರಳು ನಿಂತಿತು. ತಮಾಷೆ ಎಂದುಕೊಂಡು ಅವಳು ಕಾದಳು. ಮತ್ತೆ ಬೆರಳುಗಳು ಬಿಗಿಯುತ್ತ ಹೋಗಿ ಅವಳ ಕೈಯನ್ನು ಇಕ್ಕಳದಂತೆ ಹಿಡಿದುಕೊಂಡವು. ಅವನ ಹಣೆ ಬೆವರಿತ್ತು. ಅವಳು ತನ್ನ ಕೈಯನ್ನು ಒಂದೊಂದೇ ಬೆರಳಾಗಿ ಬಿಡಿಸಿಕೊಳ್ಳುವುದರೊಳಗೆ ಅವಳ ಫೋನು ಬಡಿದುಕೊಳ್ಳಲು ಶುರುವಾಗಿತ್ತು.

ಕೇಂದ್ರಕ್ಕೆ ಓಡುವ ದಾರಿಯಲ್ಲೇ ಅವಳು ಊರನ್ನು ಕಂಡಳು. ಒಬ್ಬಳು ಹೋಳಿಗೆಯ ಕಣಕ ಹಿಡಿದ ಕೈಯನ್ನು ಹಾಗೇ ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಕ್ಷೌರದಂಗಡಿಯಲ್ಲಿ ಕತ್ತಿ ಗಿರಾಕಿಯ ಗಲ್ಲದ ಮೇಲೆ ನಿಂತಿತ್ತು. ಗಿರಾಕಿ ಉಸಿರು ಬಿಗಿಹಿಡಿದು ಕುರ್ಚಿಯಿಂದ ಕೆಳಗೆ ಜಾರಿಕೊಳ್ಳುತ್ತಿದ್ದ. ಗುಡಿಯ ಮುಂದೆ ಮೂರು ಜನ ಕೈ ಮುಗಿದುಕೊಂಡೇ ನಿಂತಿದ್ದರು. ನೋಡಿದರೆ ಭಕ್ತಿ ಎನಿಸುತ್ತಿತ್ತು, ಹತ್ತಿರ ಹೋದರೆ ಅವರು ನೋವಿಗೆ ಹಲ್ಲು ಕಚ್ಚಿದ್ದರು.

ಕೇಂದ್ರದಲ್ಲಿ ಅವಳ ಜೊತೆಯ ತಂತ್ರಜ್ಞೆ ಶಕೀಲಾ ಪರದೆಯ ಮುಂದೆ ನಿಂತೇ ಇದ್ದಳು. ಸಾವಿರದ ನೂರಾ ನಲವತ್ತು ಚುಕ್ಕೆಗಳೂ ಕೆಂಪಾಗಿದ್ದವು. ಪ್ರತಿ ಪಟ್ಟಿಯೂ ಸಾಯುವ ಮುಂಚೆ ಕಳಿಸಿದ ಕೊನೆಯ ಸಾಲು ಒಂದೇ: ಕೇಳಿದ ಕಡತ ಇಲ್ಲ. ಆ ಸಾಲು ಓದಿ ಮಹಾನಂದಾ ಕುರ್ಚಿ ಎಳೆದುಕೊಂಡು ಕಣಜದ ದಾಖಲೆ ತೆರೆದಳು. ಕಣಜದಲ್ಲಿ ಪ್ರತಿ ಕಡತಕ್ಕೂ ಒಂದು ಗುಪ್ತ ಸಂಖ್ಯೆ ಇರುತ್ತದೆ, ಪಟ್ಟಿಗಳು ಕಡತವನ್ನು ಹೆಸರು ಹಿಡಿದು ಅಲ್ಲ, ಆ ಸಂಖ್ಯೆ ಹಿಡಿದು ಕೇಳುತ್ತವೆ. ಕಣಜ ಸುಮ್ಮನೆ ನಿಂತು ಮತ್ತೆ ಎದ್ದಿದ್ದರೆ ಪಟ್ಟಿಗಳು ತಮ್ಮ ಸಣ್ಣ ನೆನಪಿನಲ್ಲಿದ್ದುದರಿಂದಲೇ ಸ್ವಲ್ಪ ಹೊತ್ತು ಕೈ ನಡೆಸಿ ತಾಳ್ಮೆಯಿಂದ ಕಾಯುತ್ತಿದ್ದವು. ಆದರೆ ಅದು ಹೊಸ ಸಂಖ್ಯೆಗಳೊಂದಿಗೆ ಎದ್ದಿತ್ತು. ತನ್ನ ಮನೆಯ ಕಪಾಟಿನಲ್ಲೇ ತನ್ನ ವಸ್ತು ಇಲ್ಲ ಎಂದರೆ ಏನು ಮಾಡಬೇಕೆಂದು ಕರ್ನಲ್ಲಿಗೆ ಯಾರೂ ಕಲಿಸಿರಲಿಲ್ಲ. ಅದು ಅಲ್ಲೇ ಬಿದ್ದುಹೋಯಿತು. ಬೀಳುವಾಗ ಸ್ನಾಯುಗಳಿಗೆ ಕೊಟ್ಟಿದ್ದ ಅಪ್ಪಣೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಕಣಜದ ಕೋಣೆಯಲ್ಲಿ ಸಾಂಬಣ್ಣ ಮಡಿಪಂಚೆ ಉಟ್ಟುಕೊಂಡು, ಆರತಿ ತಟ್ಟೆ ಹಿಡಿದ ಕೈಯನ್ನು ಇಳಿಸಲಾಗದೆ ನಿಂತಿದ್ದ. ಬತ್ತಿ ಆರಿತ್ತು. ಎರಡೂ ಪೆಟ್ಟಿಗೆಗಳಿಗೆ ಅಂದವಾಗಿ ವಿಭೂತಿ, ಕುಂಕುಮ, ಚೆಂಡುಹೂವು. ಅವನು ಮುಚ್ಚುಮರೆ ಮಾಡಲಿಲ್ಲ. ಒಂಬತ್ತು ವರ್ಷದಿಂದ ಇದು ತಪ್ಪು ನಡೆಯುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತಂತೆ. ಪೂಜೆಗೆ ಮುಂಚೆ ಎರಡೂ ಪೆಟ್ಟಿಗೆಗಳ ಗುಂಡಿ ಒತ್ತಿ ಆರಿಸಿದ್ದ. ಪೂಜೆ ಮುಗಿದ ಮೇಲೆ ಮತ್ತೆ ಒತ್ತಿದ್ದ, ಮೊದಲು ಎಡಗಡೆಯದು, ಆಮೇಲೆ ಬಲಗಡೆಯದು. ಎಡಗಡೆಯದು ಹಿಂದಿನ ಪ್ರತಿ ಇಟ್ಟುಕೊಂಡಿದ್ದ ಪೆಟ್ಟಿಗೆ. ತಾನೇ ಯಜಮಾನ ಎಂದುಕೊಂಡು ಎದ್ದು ಅದು ಎಲ್ಲ ಕಡತಗಳಿಗೂ ಹೊಸ ಸಂಖ್ಯೆ ಹಚ್ಚಿತ್ತು.

"ನಡಿಯೋ ಮಗ್ಗಕ್ಕ ಯಾರರ ಪೂಜಿ ಮಾಡ್ತಾರೇನವಾ?" ಎಂದ ಸಾಂಬಣ್ಣ. "ಹಾಸು ಸಡ್ಲ ಮಾಡಿ, ಲಾಳಿ ತಗದಿಟ್ಟು, ಆಮ್ಯಾಲ ಕುಂಕುಮ ಹಚ್ಚೂದು. ಇದೂ ದುಡಿಯೂದ ಅಲ್ಲೇನು? ಒಂದಿನ ದಣಿವು ಆರಿಸ್ಕೊಳ್ಳಲಿ ಅಂದ್ನಿ."

ಅವನಿಗೆ ಬಯ್ಯಲು ಅವಳಲ್ಲಿ ಕಸುವಿರಲಿಲ್ಲ. ಬಯ್ಯಬೇಕೆಂದೂ ಅನಿಸಲಿಲ್ಲ. ಈ ಊರಿನಲ್ಲಿ ದಣಿವು ಆರಿಸಿಕೋ ಎಂದು ಒಬ್ಬ ಹೇಳಿದ್ದ, ಅದೂ ಯಂತ್ರಕ್ಕೆ.

ಆಸ್ಪತ್ರೆಯ ಡಾಕ್ಟರ್ ಇಟಗಿ ಫೋನಿನಲ್ಲಿ ನೇರವಾಗಿ ಹೇಳಿದರು. ಬಿಗಿದ ಸ್ನಾಯು ಆರು ಗಂಟೆ ಹಾಗೇ ಇದ್ದರೆ ಸಾಯುತ್ತದೆ, ಆಮೇಲೆ ಪಟ್ಟಿ ಇದ್ದರೂ ಇಲ್ಲದಿದ್ದರೂ ಒಂದೇ. ಮಧ್ಯಾಹ್ನ ಮೂರರೊಳಗೆ ಪ್ರತಿ ಪಟ್ಟಿಯನ್ನೂ ಆರಿಸಿ ಹೊತ್ತಿಸಬೇಕು. ಕೇಂದ್ರದಿಂದ ಆಗುವುದಿಲ್ಲ, ಸತ್ತ ಕರ್ನಲ್ ಯಾರ ಮಾತೂ ಕೇಳುವುದಿಲ್ಲ. ಪಟ್ಟಿಯ ಅಡಿಯಲ್ಲಿರುವ ಸಣ್ಣ ತೂತಿಗೆ ಪಿನ್ನು ಚುಚ್ಚಿ ಒತ್ತಬೇಕು. ಅದಕ್ಕೂ ಮೊದಲು ಕಣಜ ನೆಟ್ಟಗಾಗಬೇಕು. ಇಲ್ಲದಿದ್ದರೆ ಎದ್ದ ಕೈ ಎದ್ದ ಕೂಡಲೇ ಮತ್ತೆ ಬೀಳುತ್ತದೆ.

ಮಹಾನಂದಾ ಬಲಗಡೆಯ ಪೆಟ್ಟಿಗೆಯನ್ನು ಯಜಮಾನನನ್ನಾಗಿ ಮಾಡಿ, ಅದರೊಳಗಿನ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತಪಾಸಣೆಗೆ ಹಚ್ಚಿದಳು. ಅದು ಮೂರು ಗಂಟೆ ತಿಂದಿತು. ಅಷ್ಟರಲ್ಲಿ ಶಕೀಲಾ ಕೈ ನೆಟ್ಟಗಿದ್ದವರನ್ನೆಲ್ಲ ಹುಡುಕಿ ಸೇರಿಸಿದಳು: ಶಾಲೆಯ ಮಾಸ್ತರರು, ಬಸ್ಸಿನಿಂದ ಇಳಿದ ಕಂಡಕ್ಟರ್, ಬೇರೆ ಊರಿನಿಂದ ಬಂದ ಸೊಸೆಯರು. ಎಲ್ಲರ ಸೆರಗಿನ ಪಿನ್ನು, ಬಳೆಯ ಪಿನ್ನು ಸಂಘದ ಅಂಗಳದಲ್ಲಿ ಒಂದು ತಟ್ಟೆಯಲ್ಲಿ ಗುಡ್ಡೆಯಾದವು.

ಹನ್ನೆರಡೂವರೆಗೆ ಕಣಜ ಎದ್ದಿತು. ಮಹಾನಂದಾ ಕಿಟಕಿಯಿಂದ ನೋಡಿದಳು. ಅಂಗಳದ ತುಂಬ ಜನ, ಕೆಲವರು ಗೋಡೆಗೆ ತಲೆ ಆನಿಸಿ ಅಳುತ್ತಿದ್ದರು. ಆಗ ಒಂದು ಯೋಚನೆ ಬಂತು ಅವಳಿಗೆ. ಪಟ್ಟಿಗೆ ಒಂದು ದಪ್ಪ ತಂತಿ ಹಚ್ಚಿ ಪಿನ್ನು ಒತ್ತಿದರೆ ಅದು ಆರುವ ಮುಂಚೆ ತನ್ನ ನೆನಪಿನಲ್ಲಿದ್ದುದನ್ನೆಲ್ಲ ಕಣಜಕ್ಕೆ ಸುರಿಯುತ್ತದೆ, ಬೇರೆಲ್ಲಿಗೂ ಸುರಿಯುವುದಿಲ್ಲ. ಕೊನೆಯುಸಿರು ಎಂದು ಅವರು ಅದನ್ನು ಕರೆಯುತ್ತಿದ್ದರು. ಪಟ್ಟಿ ಯಾಕೆ ಸತ್ತಿತು ಎಂದು ಆಮೇಲೆ ಪರೀಕ್ಷಿಸಲು ತಯಾರಕರು ಇಟ್ಟ ದಾರಿ. ಮಿಕ್ಕವರಿಗೆ ಅದು ಬೇಕಿರಲಿಲ್ಲ, ಅವರದೆಲ್ಲ ನಿನ್ನೆ ಸಂಜೆಯೇ ಕಣಜ ಸೇರಿತ್ತು. ಬೇಕಿದ್ದದ್ದು ಗುರುಸಂಗಪ್ಪನಿಗೆ. ಈಗ ಕಣಜಕ್ಕೆ ಒಂದು ಕೈಯೂ ಜೋಡಿಸಿಲ್ಲ. ಅವನನ್ನು ಕರೆಸಿ, ಸುರಿಸಿಕೊಂಡು, ಎತ್ತಿಟ್ಟು, ಆಮೇಲೆ ಊರನ್ನು ಎಬ್ಬಿಸಬಹುದು. ಅರ್ಧ ಗಂಟೆಯ ಕೆಲಸ.

ಅವಳು ಬಾಯಿ ತೆಗೆದಳು. ಅಂಗಳದಲ್ಲಿ ಸಾವಿರ ಜನ ನೋವಿನಲ್ಲಿ ನಿಂತಿರುವಾಗ ನನ್ನ ಗಂಡನ ಕೈ ಮೊದಲು ಎನ್ನಲು ನಾಲಿಗೆ ಏಳಲಿಲ್ಲ. ಪಿನ್ನಿನ ತಟ್ಟೆ ಎತ್ತಿ ಶಕೀಲಾಳ ಕೈಗೆ ಕೊಟ್ಟು, ಒತ್ತಲು ಹಚ್ಚಿರಿ ಎಂದಳು.

ಎರಡು ಗಂಟೆಯ ಕಾಲ ಪಿನ್ನುಗಳು ಓಣಿ ಓಣಿ ಅಲೆದವು. ಒಂದೊಂದೇ ಚುಕ್ಕೆ ಹಸಿರಾಯಿತು. ಕ್ಷೌರಿಕನ ಕೈಯಿಂದ ಕತ್ತಿ ಬಿತ್ತು, ಗುಡಿಯ ಮುಂದಿನವರ ಕೈ ಬಿಚ್ಚಿದವು, ಸಾಂಬಣ್ಣ ತಟ್ಟೆ ಕೆಳಗಿಟ್ಟು ನೆಲದ ಮೇಲೆ ಕೂತು ಬಿಕ್ಕಿದ. ಎರಡೂವರೆಗೆ ಸಾವಿರದ ನೂರಾ ಮೂವತ್ತೊಂಬತ್ತು ಹಸಿರು, ಒಂದು ಕೆಂಪು.

ಗುರುಸಂಗಪ್ಪ ತಾನೇ ನಡೆದುಕೊಂಡು ಕೇಂದ್ರಕ್ಕೆ ಬಂದ. ಬಿಗಿದ ಬಲಗೈ ಮೇಲೆ ಟವಲು ಹೊದಿಸಿಕೊಂಡಿದ್ದ, ಯಾರಿಗೂ ಕಾಣದಿರಲಿ ಎಂಬಂತೆ. ಮಹಾನಂದಾ ಅವನನ್ನು ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಕೂತಳು. ಕಣಜವನ್ನು ಈಗ ಊರಿನಿಂದ ಬೇರೆ ಮಾಡುವಂತಿರಲಿಲ್ಲ, ಮಾಡಿದರೆ ಈಗಷ್ಟೇ ಎದ್ದ, ಪಟ್ಟಿಯ ನೆನಪು ಇನ್ನೂ ಖಾಲಿಯಿದ್ದ ಕೈಗಳೆಲ್ಲ ಮತ್ತೆ ಮರಗಟ್ಟುತ್ತಿದ್ದವು. ಕಣಜಕ್ಕೆ ಬಿದ್ದದ್ದನ್ನು ಎದ್ದಿರುವ ಪಟ್ಟಿಗಳು ಆ ಕ್ಷಣವೇ ಓದಿಕೊಳ್ಳುತ್ತಿದ್ದವು.

"ರೀ, ಎರಡ ದಾರಿ ಅದಾವ," ಎಂದಳು. "ಹಂಗ ಪಿನ್ ಒತ್ತಿದ್ರ ಕೈ ಬಿಡ್ತೈತಿ, ನಿಮ್ಮ ಮಾತು ಹೋಗ್ತೈತಿ. ಈ ತಂತಿ ಹಚ್ಚಿ ಒತ್ತಿದ್ರ ಮಾತು ಉಳೀತೈತಿ. ಆದ್ರ ಊರ ಕೈಗೆಲ್ಲ ಹೋಗ್ತೈತಿ."

ಅವನು ತಲೆ ಅಡ್ಡ ಆಡಿಸಿದ. ಯೋಚಿಸಲೂ ಇಲ್ಲ.

ಡಾಕ್ಟರು ಹೋದ ವರ್ಷ ಹೇಳಿದ್ದನ್ನು ಅವಳು ನೆನಪಿಸಿದಳು. ಮೇಲಿನ ನರವೂ ಸೋಲುತ್ತಿದೆ. ಕಣಜದಲ್ಲಿ ಇದ್ದದ್ದನ್ನು ಕೈ ಮಾಡೀತು, ಹೊಸದಾಗಿ ಕಲಿಯಲಾರದು. ಅಂದರೆ ಹೋದರೆ ಹೋಯಿತು, ಮತ್ತೆ ಬರುವುದಿಲ್ಲ. ಅದು ಗೊತ್ತಿದೆ ತಾನೇ ಎಂದು ಕೇಳಿದಳು. ಅವನು ಗೊತ್ತಿದೆ ಎಂದು ಗೋಣು ಹಾಕಿದ. ಮತ್ತೆ ತಂತಿಯ ಕಡೆ ನೋಡಿ, ನಿಧಾನವಾಗಿ, ಮಕ್ಕಳಿಗೆ ತಿಳಿಹೇಳುವವರ ಹಾಗೆ, ಬೇಡವೆಂದು ತಲೆಯಾಡಿಸಿದ. ಸ್ವಲ್ಪ ನಕ್ಕ ಕೂಡ.

ಎರಡೂ ಮುಕ್ಕಾಲು. ಮಹಾನಂದಾಳಿಗೆ ತನ್ನ ಮನೆ ಕಂಡಿತು. ನಾಳೆ ಸಂಜೆ ಅವಳು ಸೊಂಟ ಹಿಡಿದುಕೊಂಡು ಬರುತ್ತಾಳೆ, ಕಟ್ಟೆಯ ಮೇಲೆ ಕೂರುತ್ತಾಳೆ, ಪಕ್ಕದಲ್ಲಿ ಅವನಿರುತ್ತಾನೆ, ಅಂಗೈ ಸುಮ್ಮನಿರುತ್ತದೆ. ನಾಡಿದ್ದೂ ಅಷ್ಟೇ. ಅವಳು ಒಂಬತ್ತು ವರ್ಷ ಕೇಳಿದವರಿಗೆಲ್ಲ ಕೇಳಿದ್ದು ಮಾಡಿಕೊಟ್ಟಿದ್ದಳು. ಇವತ್ತು ಬೆಳಿಗ್ಗೆಯಿಂದ ಊರಿಗೆ ಊರನ್ನೇ ಎಬ್ಬಿಸಿದ್ದಳು. ತನಗೆ ಅಂತ ಇದ್ದದ್ದು ಇದೊಂದು, ಇದನ್ನೂ ಕೊಟ್ಟುಬಿಡು ಎಂದರೆ ಅವಳಿಗೆ ಆಗಲಿಲ್ಲ. ಆಗಲೇ ಇಲ್ಲ.

ಅವಳು ತಂತಿಯನ್ನು ಪಟ್ಟಿಗೆ ಹಚ್ಚಿದಳು.

ಅವನು ತೋಳು ಹಿಂದೆಳೆದುಕೊಂಡ. ಅವಳು ಅದನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದಳು. ಅವಳ ಎರಡು ಕೈಗೆ ಶಕ್ತಿಯಿತ್ತು, ಅವನದಕ್ಕೆ ಇರಲಿಲ್ಲ. ಅವನ ಗಂಟಲಿನಿಂದ ಒಂದು ಬರೀ ಗಾಳಿಯ ಸದ್ದು ಬಂತು. ಶಕೀಲಾ ಗೋಡೆಯ ಕಡೆ ತಿರುಗಿ ನಿಂತಳು. ಮಹಾನಂದಾ ಪಿನ್ನು ಒತ್ತಿದಳು.

ಪರದೆಯ ಮೇಲೆ ಅಷ್ಟೂ ವರ್ಷದ ಮಾತು ಹದಿಮೂರು ಸೆಕೆಂಡಿನಲ್ಲಿ ಹರಿದುಹೋಯಿತು. ಕೊನೆಯ ಚುಕ್ಕೆ ಹಸಿರಾಯಿತು, ಅವನ ಬೆರಳುಗಳು ಬಿಚ್ಚಿದವು. ಅವನು ಕೈಯನ್ನು ಸ್ವಲ್ಪ ಹೊತ್ತು ನೀವಿಕೊಂಡ. ಅವಳು ತನ್ನ ಅಂಗೈ ಅವನ ಮುಂದೆ ಚಾಚಿದಳು. ಅವನು ಅದನ್ನು ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು ಒಂದು ಹಾಳೆಯ ಹಿಂಬದಿಗೆ, ಊರಿಗೆಲ್ಲ ಸೇರಿದ ಆ ದುಂಡು ಅಕ್ಷರದಲ್ಲಿ, ಬ್ಯಾಡ ಅಂದಿದ್ನಿ ಎಂದು ಬರೆದಿಟ್ಟು ಎದ್ದು ಹೋದ.

ಊರಿಗೆ ಒಳ್ಳೆಯದೇ ಆಯಿತು. ಮಾತು ಹೋಗಿದ್ದ ಮೂವತ್ತೊಂಬತ್ತು ಮಂದಿಯ ಬೆರಳು ತಾವಾಗಿಯೇ ಮನೆಯವರ ಅಂಗೈ ಹುಡುಕಿಕೊಂಡು ಹೋದವು. ಬೆರಳಿಗೆ ಗುರುತು ಬರುತ್ತಿತ್ತು, ಅರ್ಥವನ್ನು ಅವರವರೇ ಕೂಡಿಸಿಕೊಂಡರು. ಎರಡು ವಾರದಲ್ಲಿ ಅದೊಂದು ಭಾಷೆಯಾಯಿತು. ಹನ್ನೆರಡು ವರ್ಷ ಗಂಡನ ಜೊತೆ ಮಾತಿಲ್ಲದೆ ಬಾಳಿದ ಒಬ್ಬಾಕೆ ಅರಿಸಿನ ಕುಂಕುಮ, ಕುಬಸದ ಖಣ ತಂದು ಮಹಾನಂದಾಳ ಉಡಿ ತುಂಬಿ ಕಾಲಿಗೆ ಬೀಳಲು ಬಂದಳು. ಸಂಘದವರು ಸನ್ಮಾನ ಎಂದರು, ಅವಳು ಬೇಡವೆಂದಳು. ಬಸ್ ನಿಲ್ದಾಣದಲ್ಲಿ ಇಬ್ಬರು ಮುದುಕರು ಒಬ್ಬರ ಅಂಗೈ ಮೇಲೆ ಒಬ್ಬರು ಎರಡು ಬೆರಳು ನಡೆಸುತ್ತ ನಗುತ್ತಿದ್ದುದನ್ನು ಅವಳು ಕಂಡಳು. ಅದು ಅಧ್ಯಕ್ಷರ ನಡಿಗೆ. ಅದನ್ನು ಕಂಡುಹಿಡಿದ ಸಂಜೆ ಯಾವುದು, ಅವತ್ತು ಮನೆಯಲ್ಲಿ ಏನು ಅಡುಗೆ, ಎಲ್ಲ ಅವಳಿಗೆ ನೆನಪಿತ್ತು. ಸಿಟ್ಟು ಬರಲಿಲ್ಲ. ಬಹಳ ಸುಸ್ತು ಎನಿಸಿ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಳು, ಒಂದು ಬಸ್ಸು ಬಿಟ್ಟಳು.

ಮನೆಯಲ್ಲಿ ಗುರುಸಂಗಪ್ಪ ಜಗಳವಾಡಲಿಲ್ಲ. ಉಂಡ, ಮಲಗಿದ, ಮಗ್ಗಕ್ಕೆ ಹೋದ. ನೀರು ಬೇಕಾದರೆ ತಾನೇ ಎದ್ದು ಕುಡಿದ. ಅವಳು ಉಳಿಸಿದ ಮಾತೆಲ್ಲ ಅವನ ಬೆರಳಲ್ಲಿತ್ತು, ಒಂದನ್ನೂ ಅವನು ಆಡಲಿಲ್ಲ. ಮೊದಮೊದಲು ಅವಳು ಅಂಗೈ ಚಾಚುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಒಂದು ಸಂಜೆ ತಪ್ಪಾಯಿತು ಎಂದಳು. ಅವನು ಅವಳ ಭುಜ ತಟ್ಟಿದ, ಬರೀ ಪರಿಚಯದವರು ಯಾರಾದರೂ ತಟ್ಟುವ ಹಾಗೆ. ಅವತ್ತು ಅವಳು ಹಿತ್ತಲಲ್ಲಿ ನಿಂತು ಅತ್ತಳು.

ನಾಲ್ಕನೆಯ ವಾರ ಅವನೊಂದು ಚೀಟಿ ಬರೆದು ಅವಳ ಊಟದ ತಟ್ಟೆಯ ಪಕ್ಕ ಇಟ್ಟ. ಪಟ್ಟಿ ಬಿಚ್ಚಿಸಬೇಕು ಎಂದಿತ್ತು. ಮಹಾನಂದಾ ಅನ್ನ ಅಲ್ಲಿಗೇ ಬಿಟ್ಟು ವಾದಿಸಿದಳು. ಬರೆಯಲೂ ಆಗುವುದಿಲ್ಲ, ಮಗ್ಗವಿಲ್ಲ, ಗುಂಡಿ ಹಾಕಲಾಗುವುದಿಲ್ಲ, ತುತ್ತು ಕೂಡ ಯಾರಾದರೂ ಇಡಬೇಕು. ಅವನು ಎಲ್ಲದಕ್ಕೂ ಗೋಣು ಹಾಕಿದ, ಗೊತ್ತು ಎಂದು.

"ತುತ್ತು ಯಾರು ಇಡೋರು?" ಎಂದಳು ಕೊನೆಗೆ.

ಅವನು ಅವಳ ಕಡೆ ಬೆರಳು ಮಾಡಿ ತೋರಿಸಿದ. ನಾಲ್ಕು ವಾರದಲ್ಲಿ ಅವನು ಕಾಗದವಿಲ್ಲದೆ ಅವಳಿಗೆ ಹೇಳಿದ ಮೊದಲ ಮಾತು ಅದು.

ಡಾಕ್ಟರ್ ಇಟಗಿ ಎರಡು ಸಲ ಕೇಳಿ, ಸಹಿ ಹಾಕಿಸಿಕೊಂಡು, ತಂತಿಗಳನ್ನು ತೆಗೆದರು. ಪಟ್ಟಿ ಇದ್ದಷ್ಟು ದಿನ ಬೆರಳಿಗೆ ತಾಗಿದ್ದು ಒಂದಿಷ್ಟು ತಿಳಿಯುತ್ತಿತ್ತು, ಇನ್ನು ಬಿಸಿ ತಣ್ಣಗೆ ಏನೂ ಗೊತ್ತಾಗುವುದಿಲ್ಲ, ಒಲೆಯ ಹತ್ತಿರ ಜೋಪಾನ ಎಂದು ಹೇಳಿ ಕಳಿಸಿದರು. ಇಬ್ಬರೂ ಆಟೋದಲ್ಲಿ ಮನೆಗೆ ಬಂದರು.

ಸಂಜೆ ಮಹಾನಂದಾ ಅವನಿಗೆ ಉಣ್ಣಿಸಿ, ಬಾಯಿ ಒರೆಸಿ, ತಟ್ಟೆ ತೊಳೆದಿಟ್ಟು ಕಟ್ಟೆಗೆ ಬಂದು ಕೂತಳು. ಗುರುಸಂಗಪ್ಪ ಭುಜ ಅಲ್ಲಾಡಿಸಿ ಅಲ್ಲಾಡಿಸಿ ತನ್ನ ಬಲಗೈಯನ್ನು ತೊಡೆಯಿಂದ ಜಾರಿಸಿದ. ಅದು ಅವಳ ಮಡಿಲಿಗೆ ಬಿತ್ತು. ಅವಳು ಅಂಗೈಯಲ್ಲಿ ಅದನ್ನು ಎತ್ತಿಕೊಂಡಳು. ಭಾರವಿತ್ತು. ಬೆರಳುಗಳು ಏನೂ ಹೇಳಲಿಲ್ಲ, ಹೇಳಲು ಅವಕ್ಕೆ ಏನೂ ಬರುತ್ತಿರಲಿಲ್ಲ. ಅವಳು ಅವನ್ನು ಮಡಚಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅವಳು ಹಿಡಿದಿದ್ದಾಳೆಂದು ತಿಳಿಯಬೇಕಾದರೆ ಅವನು ನೋಡುತ್ತಲೇ ಇರಬೇಕಿತ್ತು. ಅವನು ನೋಡುತ್ತಲೇ ಇದ್ದ.